ಅನಂತಪುರದ ವಾಡೆಗೆ ಕೊಟ್ಟ ಸಕ್ಕರೆ

ಏಕಸಂಬಿಯ ವಾಚನಾಲಯದ ಮುಂದೆ ಒಂದು ಹಳೆಯ ಕಲ್ಲಿನ ಕಟ್ಟೆ. ಸಂಜೆಯಾಯಿತೆಂದರೆ ಅದರ ಮೇಲೆ ಜಿನ್ನಪ್ಪನವರು ಕೂತರೆಂದೇ ಲೆಕ್ಕ. ಟೋಪಿ ತೆಗೆದು ಪಕ್ಕಕ್ಕಿಟ್ಟು, ಕಾಲು ಮಡಚಿಕೊಂಡು ಸಾಹಿತ್ಯದ ವಿಚಾರ ತೆಗೆಯುತ್ತಿದ್ದರು. ಎಮ್ಮೆ ಹೊಡೆದುಕೊಂಡು ಮನೆಗೆ ಹೋಗುವವರೂ ಒಂದು ಗಳಿಗೆ ನಿಂತು, "ಹೌದ್ರಿ, ಖರೇ ಐತ್ರಿ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಯಾವ ವಿಚಾರ ಎಂದು ಅವರಿಗೆ ಗೊತ್ತಿರುತ್ತಿರಲಿಲ್ಲ. ಆದರೆ ಒಬ್ಬ ಮನುಷ್ಯ ಅಷ್ಟು ಆಸ್ಥೆಯಿಂದ ಮಾತಾಡುವಾಗ ಸುಮ್ಮನೆ ದಾಟಿಹೋಗುವುದು ಚೆನ್ನಲ್ಲವೆಂದು ಊರಿನವರಿಗೆ ಅನಿಸುತ್ತಿತ್ತು.

ಜಿನ್ನಪ್ಪನವರ ಸಾಹಿತ್ಯವೆಲ್ಲ ಒಂದೇ ಪುಸ್ತಕದಿಂದ ಬಂದದ್ದು. ವಾಚನಾಲಯದ ಕಪಾಟಿನಲ್ಲಿ ಸಿಕ್ಕ ಹಳೆಯ ಐತಿಹಾಸಿಕ ಕಾದಂಬರಿ ಅದು. ರಟ್ಟು ಇಲ್ಲ, ಮೊದಲ ಹಾಳೆಗಳಿಲ್ಲ. ಹೆಸರೇನು, ಬರೆದವರು ಯಾರು ಎಂಬುದು ಯಾರಿಗೂ ತಿಳಿಯದು. ಅದರಲ್ಲೊಂದು ವಾಡೆ, ಅಂದರೆ ದೊಡ್ಡ ಬಾಗಿಲಿನ, ಕಂಬಸಾಲಿನ ಗೌಡರ ಮನೆ ಬರುತ್ತದಾದ್ದರಿಂದ ಎಲ್ಲರೂ ಅದನ್ನು 'ವಾಡೆ ಪುಸ್ತಕ' ಎನ್ನುತ್ತಿದ್ದರು. ಆ ವಾಡೆಯಲ್ಲೊಬ್ಬ ಗೌಡಸಾನಿ. ವೈರಿಗಳು ಬಂದಾಗ ಆಕೆ ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಅಡಗುತ್ತಾಳೆ, ಗೋಡೆಯಿಂದ ಕುದುರೆಯ ಬೆನ್ನಿಗೆ ಹಾರುತ್ತಾಳೆ, ತುಂಬಿದ ಕೃಷ್ಣೆಯನ್ನು ಈಜಿ ದಾಟುತ್ತಾಳೆ. ಪುಸ್ತಕದ ನಡುವಿಗೆ ಬರುವ ಹೊತ್ತಿಗೆ ಒಬ್ಬ ದಾರಿಹೋಕ ವಾಡೆಯ ಬಾಗಿಲಿಗೆ ಬಂದು ನೀರು ಕೇಳುತ್ತಾನೆ. ಗೌಡಸಾನಿ ತಂಬಿಗೆ ಕೊಡುತ್ತಾಳೆ. ದಾರಿಹೋಕ ತಂಬಿಗೆ ಎತ್ತುತ್ತಾನೆ.

ಅಷ್ಟರಲ್ಲಿ ಜಿನ್ನಪ್ಪನವರಿಗೆ ನಿದ್ದೆ ಬರುತ್ತದೆ.

ಯಾವಾಗ ಓದಲು ಹಿಡಿದರೂ ಇದೇ ಪಾಡು. ಪಾಪ, ಆ ದಾರಿಹೋಕ ವರ್ಷಗಟ್ಟಲೆ ತಂಬಿಗೆ ಎತ್ತಿ ಹಿಡಿದುಕೊಂಡೇ ನಿಂತಿದ್ದ. ಒಂದು ಗುಟುಕು ನೀರು ಅವನ ಗಂಟಲಿಗೆ ಇಳಿದಿರಲಿಲ್ಲ. ಇದು ಜಿನ್ನಪ್ಪನವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೊರಗೆ ಅವರು, "ಮೂರು ಸಲಾ ಓದೀನಿ" ಎನ್ನುತ್ತಿದ್ದರು. ಆ ಮೂರು ಸಲದ ಬಲದ ಮೇಲೆಯೇ ಊರಿನ ಓದುಗರ ಬಳಗಕ್ಕೆ ಅಧ್ಯಕ್ಷರಾಗಿದ್ದರು. ಇನ್ನೊಬ್ಬರು ಓದುವ ಸಂಭವವೂ ಇರಲಿಲ್ಲ, ಏಕೆಂದರೆ ಇದ್ದ ಒಂದೇ ಪ್ರತಿ ಅವರ ಮನೆಯಲ್ಲಿತ್ತು.

ಇದು ಬಹಳ ದಿನ ಚುಚ್ಚಿದ್ದು ಮುರಗೆಪ್ಪನವರನ್ನು. ಅವರು ನಿವೃತ್ತ ಪೋಸ್ಟ್ ಮಾಸ್ತರರು. ಯಾವ ವಸ್ತುವೂ ಒಂದೇ ವಿಳಾಸದಲ್ಲಿ ಕೂತುಬಿಡುವುದು ಅವರಿಗೆ ಸೇರದು.

"ಜಿನ್ನಪ್ಪಾ, ನಿನ್ನ ವಾಡೆ ಎಲ್ಲೈತಿ ಹೇಳು ನೋಡೂಣು," ಎಂದರು ಒಂದು ಸಂಜೆ.

"ಎಲ್ಲೈತಿ ಅಂದ್ರ? ಅನಂತಪುರದಾಗ ಐತಿ. ಕಣ್ಣ ಕಟ್ಟಿ ಬಿಟ್ರೂ ಅದರ ಮುಂದ ನಿಂದರಸ್ತೀನಿ."

ಅನಂತಪುರವೇ ಏಕೆಂದರೆ, ಜಿನ್ನಪ್ಪನವರು ಒಮ್ಮೆ ಅಲ್ಲಿಗೆ ಮದುವೆ ಊಟಕ್ಕೆ ಹೋದಾಗ ಒಂದು ವಾಡೆ ಕಂಡಿದ್ದರು. ಬೇರೆ ವಾಡೆಯ ಪರಿಚಯ ಅವರಿಗಿರಲಿಲ್ಲ.

"ಹಂಗಾರ ಐತವಾರ ಹೋಗೂಣು. ಪುಸ್ತಕದಾಗ ಬಂದ ಜಾಗಾ ಎಲ್ಲಾ ತೋರಸು. ತೋರಸಿದಿ, ನೀನ ಅಧ್ಯಕ್ಷ. ಇಲ್ಲಂದ್ರ ಪುಸ್ತಕಾ ನನ್ನ ಕೈಯಾಗ ಇಡು, ನಾನೂ ಓದಿ ನೋಡತೀನಿ."

ಅಧ್ಯಕ್ಷ ಪದವಿ ಹೋದರೆ ಹೋಗಲಿ. ಆದರೆ ಮುರಗೆಪ್ಪನವರು ಕಡೆಯ ಪುಟದವರೆಗೆ ಓದಿ ಬಂದು ಕಟ್ಟೆಯ ಮೇಲೆ ಒಂದು ಪ್ರಶ್ನೆ ಕೇಳಿದರೆ ಏನು ಗತಿ? ಜಿನ್ನಪ್ಪನವರ ಬಾಯಿ ಮಾತ್ರ, "ಹೋಗೂಣು" ಎಂದಿತು.

ಐತವಾರ, ಅಂದರೆ ಭಾನುವಾರ ಬೆಳಿಗ್ಗೆ ಕ್ರೂಸರ್ ಗಾಡಿ ಬಂತು. ಓಡಿಸುವವನು ಜಿನ್ನಪ್ಪನವರ ಅಕ್ಕನ ಮಗ ಶೀತಲ. ಕಬ್ಬಿನ ಹೊಲವಿದೆ, ಒಳ್ಳೆಯ ಗುಣವಿದೆ, ಹೆಣ್ಣು ಮಾತ್ರ ಸಿಗುತ್ತಿಲ್ಲ. ನಮ್ಮ ಕಡೆ ಈಗ ಹೊಲ ಮಾಡುವ ಹುಡುಗರ ಸ್ಥಿತಿ ಹಾಗೇ ಇದೆ. ದೊಡ್ಡವರ ಜೊತೆ ಹೋಗುವವನೆಂದು ಅವನ ತಾಯಿ ಹೊಸ ಅಂಗಿ ಇಸ್ತ್ರಿ ಮಾಡಿ ಕೊಟ್ಟಿದ್ದಳು. ಜಿನ್ನಪ್ಪನವರದು ಬಿಳಿ ಟೋಪಿ, ಬಿಳಿ ಧೋತರ. ಮುರಗೆಪ್ಪನವರು ಮಗನ ಮದುವೆಯ ಕೋಟು ಹಾಕಿದ್ದರು. ಐತಿಹಾಸಿಕ ಸ್ಥಳ ತೋರಿಸಿದವರಿಗೆ ಮರ್ಯಾದೆ ಮಾಡಬೇಕಲ್ಲ. ಜಿನ್ನಪ್ಪನವರು ಸಕ್ಕರೆ ಕಾರ್ಖಾನೆಯ ಶೇರುದಾರರು, ಮನೆಯಲ್ಲಿ ಸಕ್ಕರೆಗೆ ಬರವಿಲ್ಲ. ಕಿಲೋ ಕಿಲೋ ಪೊಟ್ಟಣ ಕಟ್ಟಿ, ಮೇಲೆ ಕೆಂಪು ದಾರ ಸುತ್ತಿ, ಚೀಲದಲ್ಲಿ ಇಟ್ಟುಕೊಂಡರು.

ಐತವಾರದ ದಿನ, ಕ್ರೂಸರ್ ಗಾಡಿ, ಇಸ್ತ್ರಿ ಬಟ್ಟೆಯ ಹಿರಿಯರು, ನಡುವೆ ಹೊಸ ಅಂಗಿಯ ಒಬ್ಬ ಹುಡುಗ, ಚೀಲದಲ್ಲಿ ಸಕ್ಕರೆ ಪೊಟ್ಟಣ. ನಮ್ಮ ಸೀಮೆಯಲ್ಲಿ ಇದನ್ನು ಕಂಡ ಯಾವ ಸಂಸಾರಸ್ಥನಿಗಾದರೂ ಏನನಿಸುತ್ತದೆ? ಅದು ಗಾಡಿಯೊಳಗಿದ್ದ ಸಾಹಿತ್ಯಪ್ರೇಮಿಗಳಿಗೆ ಮಾತ್ರ ಹೊಳೆಯಲಿಲ್ಲ.

ಕುಡಚಿಯಲ್ಲಿ ಓದುಗರ ಬಳಗದ ಜನ್ನತಬಿ ಅಕ್ಕೋರು ಹತ್ತಿದರು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಕನ್ನಡ ಪುಸ್ತಕಗಳ ದೊಡ್ಡ ಓದುಗರು. ಎಲ್ಲರಿಗೂ ಸಾಲುವಷ್ಟು ಶೇಂಗಾ ಉಂಡೆ ತಂದಿದ್ದರು. ಕೃಷ್ಣೆಯ ದಂಡೆಗೆ ಬಂದಾಗ ಜಿನ್ನಪ್ಪನವರು ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದರು.

"ನೋಡ್ರಿ, ಇದ ಜಾಗಾ! ಗೌಡಸಾನಿ ಕತ್ತಿ ಬಾಯಾಗ ಕಚ್ಚಕೊಂಡ ಈಸಿ ದಾಟಿದ್ದು ಇಲ್ಲೇ!"

ಎಮ್ಮೆ ತೊಳೆಯುತ್ತಿದ್ದವನೊಬ್ಬ ತಲೆ ಎತ್ತಿ, "ಈಸೂದ ಯಾಕ್ರಿ? ಇಲ್ಲಿ ಮೊಣಕಾಲ ಮಟಾ ನೀರೈತಿ, ನಡಕೋತ ಹೋಗಬರತೈತಿ," ಎಂದ.

"ಆವಾಗ ತುಂಬಿತ್ತಪ್ಪಾ."

"ಹೌದ್ರಿ, ಆವಾಗ ತುಂಬಿರಬೇಕ್ರಿ," ಎಂದು ಅವನು ಒಪ್ಪಿಕೊಂಡ. ದೂರದಿಂದ ಬಂದವರ ಮನಸ್ಸು ನೋಯಿಸುವುದು ಬೇಡವೆಂದು ಎಮ್ಮೆಯನ್ನೂ ಸ್ವಲ್ಪ ಆಚೆಗೆ ಸರಿಸಿದ. ಅವನಿಗೆ ಒಂದು ಪೊಟ್ಟಣ ಸಂದಿತು.

ಅಥಣಿ ದಾಟಿ ಅನಂತಪುರಕ್ಕೆ ಬಂದಾಗ ಚಹಾದಂಗಡಿಯ ಮುಂದೆ ನಿಲ್ಲಿಸಿ, "ಹಳೇ ವಾಡೆ ಎಲ್ಲೈತ್ರಿ?" ಎಂದು ಕೇಳಿದರು. ಚಹಾ ಕುಡಿಯುತ್ತಿದ್ದ ದುರಗಪ್ಪ ಎಂಬಾತ ಗಾಡಿಯೊಳಗೆ ಇಣುಕಿದ. ಹಿರಿಯರನ್ನು ನೋಡಿದ, ಶೀತಲನನ್ನು ನೋಡಿದ, ಅವನ ಮುಖ ಅರಳಿತು.

"ಬಂದ್ರ್ಯಾ? ಬರ್ರಿ ಬರ್ರಿ! ಬೆಳಗಿಂದ ನಿಮ್ಮ ಹಾದಿನ ಕಾಯಾಕತ್ತಾರ!" ಚಹಾ ಅರ್ಧಕ್ಕೇ ಬಿಟ್ಟು, ಮೋಟಾರ್ ಸೈಕಲ್ ಹತ್ತಿ, ತಾನೇ ಮುಂದಾಗಿ ದಾರಿ ತೋರಿಸಿದ.

ತಮ್ಮ ಹಾದಿಯನ್ನು ಯಾರು ಕಾಯುತ್ತಿದ್ದಾರೆ? ಜಿನ್ನಪ್ಪನವರು, ಮುರಗೆಪ್ಪ ಫೋನ್ ಮಾಡಿರಬೇಕೆಂದುಕೊಂಡರು. ಮುರಗೆಪ್ಪನವರು, ಜಿನ್ನಪ್ಪ ಮಾಡಿದ್ದಾನೆಂದುಕೊಂಡರು. ಕೇಳಿದರೆ ಕೀರ್ತಿ ಇನ್ನೊಬ್ಬರ ಪಾಲಾಗುತ್ತದೆಂದು ಇಬ್ಬರೂ ಬಾಯಿ ಬಿಡಲಿಲ್ಲ.

ದ್ರಾಕ್ಷಿ ತೋಟ ದಾಟಿದರೆ ವಾಡೆ. ಯಜಮಾನ ಆಬಾಸಾಹೇಬರು ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ಹಿಂದೆ ಅವರ ತಾಯಿ ಲಕ್ಕವ್ವ, ಅತ್ತಿತ್ತಲ ಮನೆಗಳ ಹೆಂಗಸರು.

"ಬರ್ರಿ ಪಾವಣ್ಯಾರ, ಬರ್ರಿ. ಹಾದ್ಯಾಗ ತ್ರಾಸ ಆಗಲಿಲ್ಲಲ್ಲ?"

ಲಕ್ಕವ್ವ ಕಾಲಿಗೆ ನೀರು ಕೊಡಲು ಬಗ್ಗಿದಳು. ಮುದುಕಿಯ ಕೈ ನಡುಗುವುದನ್ನು ಕಂಡ ಶೀತಲ, "ನೀವ ಕುಂದರ್ರಿ ಆಯಿ," ಎಂದು ತಂಬಿಗೆ ಇಸಿದುಕೊಂಡ. ಎಲ್ಲರ ಕಾಲಿಗೂ ತಾನೇ ನೀರು ಹಾಕಿದ. ಕಡೆಗೆ ಆಬಾಸಾಹೇಬರ ಕಾಲಿಗೂ ಹಾಕಿದ. ಆಮೇಲೆ ತಂಬಿಗೆ ತೊಳೆದು ಬಾನಿಯ ಪಕ್ಕಕ್ಕೆ ಬೋರಲು ಇಟ್ಟ. ತಾನು ಗಾಡಿ ಹೊಡೆಯಲು ಬಂದವನು, ಸುಮ್ಮನೆ ನಿಲ್ಲುವುದೇಕೆ ಎಂಬುದು ಅವನ ಎಣಿಕೆ.

ನೆರೆದ ಹೆಂಗಸರು ದಂಗಾದರು. "ಯವ್ವಾ! ಅಳಿಯಾ ಆಗಾಂವ ಮಾವನ ಕಾಲಿಗೆ ನೀರ ಹಾಕಾಕತ್ತಾನ!"

"ಫೋಟೋದಾಗ ಕರೀ ಕನ್ನಡಕಾ ಹಾಕ್ಕೊಂಡ ಸೊಕ್ಕಿನಂವ ಕಂಡಿದ್ದ. ಖರೇ ಮಾರಿ ಎಷ್ಟ ಚಲೋ ಐತಿ ನೋಡು."

ಅಡಿಗೆಮನೆಯ ಕಿಟಕಿಯಲ್ಲಿ ಎರಡು ಕಣ್ಣುಗಳು ಇದನ್ನೆಲ್ಲ ನೋಡುತ್ತಿದ್ದವು. ಅವು ಆಬಾಸಾಹೇಬರ ಮಗಳು ರೂಪಾಲಿಯ ಕಣ್ಣುಗಳು. ನಿಪ್ಪಾಣಿಯಿಂದ ಅವಳನ್ನು ನೋಡಲು ಅಂದು ಗಂಡಿನ ಕಡೆಯವರು ಬರುವವರಿದ್ದರು. ಮಧ್ಯಸ್ಥರು ಫೋನಿನಲ್ಲೇ ಕೂಡಿಸಿದ ಸಂಬಂಧ. ಫೋಟೋ ಬಿಟ್ಟರೆ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಇಷ್ಟರಲ್ಲಿ ಜಿನ್ನಪ್ಪನವರು ಕೆಲಸ ಶುರು ಮಾಡಿಬಿಟ್ಟಿದ್ದರು. ಹಾಸಿದ ಜಮಖಾನೆಯ ಮೇಲೆ ಕೂಡುವುದು ಬಿಟ್ಟು ಕಂಬ ತಟ್ಟಿದರು, ಗೋಡೆಗೆ ಕಿವಿ ಹಚ್ಚಿದರು, ತೊಲೆಗಳತ್ತ ಬ್ಯಾಟರಿ ಬಿಟ್ಟರು.

"ಹುಡಿಗೀನ ನೋಡೂದ ಬಿಟ್ಟ ಈ ಹಿರ್ಯಾ ಕಂಬಾ ಬಡ್ಯಾಕತ್ತಾನಲ್ಲೋ," ಎಂದು ಲಕ್ಕವ್ವ ಮಗನ ಕಿವಿಯಲ್ಲಿ ಪಿಸುಗುಟ್ಟಿದಳು.

"ಮನಿ ಗಟ್ಟಿ ಐತೇನಂತ ನೋಡತಾರವ್ವಾ. ಸುಮ್ನಿರು."

"ಆಬಾಸಾಹೇಬ್ರ," ಎಂದರು ಜಿನ್ನಪ್ಪನವರು, "ಎಲ್ಲಕ್ಕಿಂತ ಮೊದಲ ಆ ಹಗೇವು ತೋರಸ್ರಿ. ಆಕಿ ಅಡಗಿ ಕುಂತಿದ್ಲಲ್ಲ, ಅದು."

ಆಬಾಸಾಹೇಬರು ಅತ್ತಿತ್ತ ನೋಡಿ ಹತ್ತಿರ ಸರಿದರು. ಹೋದ ವರ್ಷ ಒಂದು ಗಂಡು ನೋಡಲು ಬಂದಾಗ ರೂಪಾಲಿ ಹಿತ್ತಿಲ ಹಾಳು ಹಗೇವಿನಲ್ಲಿ ಇಳಿದು ಕೂತು, ಅವರು ಹೋಗುವ ತನಕ ಮೇಲೆ ಬಂದಿರಲಿಲ್ಲ. ಮನೆಯವರನ್ನು ಬಿಟ್ಟು ಯಾರಿಗೂ ತಿಳಿಯದ ಮಾತದು.

"ಇದ... ಇದ ನಿಮಗ ಯಾರ ಹೇಳಿದ್ರಿ?"

"ಯಾರ ಹೇಳೂದೇನ ಬಂತ್ರಿ! ಓದಿದವರಿಗೆಲ್ಲಾ ಗೊತ್ತೈತಿ."

"ಓದಿದವರಿಗೆ? ಯಾವದರಾಗ ಬಂದೈತ್ರಿ? ವಾಟ್ಸಾಪಿನ್ಯಾಗ?" ಆಬಾಸಾಹೇಬರು ದನಿ ತಗ್ಗಿಸಿದರು. "ಅದು ತಿಳೀಲಾರದ ಮಾಡಿದ್ದರಿ. ಈಗ ಅಗದಿ ಶ್ಯಾಣ್ಯಾಕಿ ಆಗ್ಯಾಳ್ರಿ."

"ಶ್ಯಾಣ್ಯಾಕಿ ಆಗೂದಾ? ಅಂಥಾ ಧೈರ್ಯದಾಕಿ ಈ ಸೀಮ್ಯಾಗ ಹುಟ್ಟಿಲ್ರಿ! ಈ ಗೋಡೆದ ಮ್ಯಾಲಿಂದ ಕುದರಿ ಮ್ಯಾಲ ಹಾರಿದ್ಲಲ್ಲ!"

"ಕುದರಿ ಅಲ್ರಿ," ಎಂದಳು ಲಕ್ಕವ್ವ ಗಾಬರಿಯಿಂದ. "ಸ್ಕೂಟಿ. ಅದೂ ಹಾರಲಿಲ್ಲ, ಬಾಗಿಲದಾಗ ಜಾರಿ ಬಿದ್ದಿದ್ಲು. ಮಂದಿ ಎಷ್ಟ ದೊಡ್ಡದ ಮಾಡ್ಯಾರ ನೋಡವ್ವಾ!"

ಜಿನ್ನಪ್ಪನವರಿಗೆ ಸ್ಕೂಟಿ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಬಹುಶಃ ಅವರು ಓದದ ಅರ್ಧದಲ್ಲಿ ಬರುತ್ತದೇನೋ! ಈ ಅನುಮಾನ ಬಂದೊಡನೆ ಅವರು ಜಾಣತನದಿಂದ, "ಹೌದ್ಹೌದು, ಸ್ಕೂಟಿ," ಎಂದುಬಿಟ್ಟರು. ಜನ್ನತಬಿ ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಗೌಡಸಾನಿ, ಸ್ಕೂಟಿ, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆದರೆ ಒಗ್ಗರಣೆ ಹಾಕಿದ ಚುರುಮುರಿ ಸುಸಲಾದ ಬಿಸಿಬಿಸಿ ತಾಟು ಮುಂದೆ ಬಂದಿತ್ತು. ಇಷ್ಟು ಪ್ರೀತಿಯಿಂದ ಕೊಡುವವರ ಮುಂದೆ ಪ್ರಶ್ನೆ ಕೇಳುವುದು ಅವರಿಗೆ ಸರಿ ಕಾಣಲಿಲ್ಲ.

ಆಗ ರೂಪಾಲಿ ಚಹಾ ತಂದಳು. ತಲೆ ಮೇಲೆ ಸೆರಗು, ಕೈಯಲ್ಲಿ ಹಿತ್ತಾಳೆಯ ತಾಟು. ಹಿಂದೆ ಆ ಕಂಬಸಾಲು. ಜಿನ್ನಪ್ಪನವರಿಗೆ ಸಾಕ್ಷಾತ್ ಗೌಡಸಾನಿಯೇ ಪುಸ್ತಕದಿಂದ ಇಳಿದು ಬಂದಂತಾಯಿತು. ಭಾವ ಉಕ್ಕಿತು. ವಾಡೆ ತೋರಿಸಿದ ಮನೆತನಕ್ಕೆ ಮರ್ಯಾದೆ ಮಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಎದ್ದು ನಿಂತು, ಕೆಂಪು ದಾರದ ಪೊಟ್ಟಣ ತೆಗೆದು, ಎರಡೂ ಕೈಯಿಂದ ಅವಳ ಕೈಯಲ್ಲಿಟ್ಟರು.

"ತಗೋವ್ವಾ. ಇನ್ನ ಮ್ಯಾಲೆ ಈ ವಾಡೆ ನಿಮ್ಮದಷ್ಟ ಅಲ್ಲ, ನಮ್ಮದೂ ಹೌದು!"

ನಮ್ಮ ಕಡೆ ಗಂಡಿನ ಹಿರಿಯರು ಹೆಣ್ಣಿನ ಕೈಯಲ್ಲಿ ಸಕ್ಕರೆ ಪೊಟ್ಟಣ ಇಟ್ಟರೆಂದರೆ ಮಾತು ಮುಗಿಯಿತು. ಅದೇ ಸಾಖರಪುಡಾ. ಆಮೇಲೆ ಉಳಿಯುವುದು ಮುಹೂರ್ತ ಹುಡುಕುವುದೊಂದೇ. ಜಿನ್ನಪ್ಪನವರು ಇಂಥ ಎಷ್ಟೋ ಸಾಖರಪುಡಾದಲ್ಲಿ ಮುಂದೆ ಕೂತು ಪೇಢೆ ತಿಂದವರು. ಆದರೆ ಆ ಹೊತ್ತಿಗೆ ಅವರು ಜಿನ್ನಪ್ಪನಾಗಿರಲಿಲ್ಲ, ಸಾಹಿತ್ಯದ ರಾಯಭಾರಿಯಾಗಿದ್ದರು.

"ಸಾಖರಪುಡಾ ಆತು!" ಎಂದು ದುರಗಪ್ಪ ಕೂಗಿದ. ಹೆಂಗಸರು ಒಮ್ಮೆಗೇ ಒಳಗೆ ನುಗ್ಗಿದರು. ಶೀತಲನ ಹಣೆಗೆ ಕುಂಕುಮ ಬಿತ್ತು, ತಲೆಗೆ ಟೋಪಿ ಬಂತು, ಕೈಗೆ ತೆಂಗಿನಕಾಯಿ ಬಂತು.

"ಮಾಮಾ, ಇದೇನ?" ಎಂದ ಶೀತಲ.

"ಸನ್ಮಾನ," ಎಂದರು ಜಿನ್ನಪ್ಪನವರು.

"ನನಗ್ಯಾಕ?" ಎಂದು ಅವನು ಕೇಳಬೇಕೆಂದಿದ್ದ. ಅಷ್ಟರಲ್ಲಿ ರೂಪಾಲಿಯ ಕಣ್ಣು ಅವನ ಕಣ್ಣಿಗೆ ಸೇರಿ, ಪ್ರಶ್ನೆ ಬಾಯಲ್ಲೇ ಉಳಿಯಿತು.

ಆಬಾಸಾಹೇಬರ ಫೋನು ರಿಂಗಾಯಿತು. ಅವರು ನಗುನಗುತ್ತಲೇ ಎತ್ತಿದರು. ನಗು ಅರ್ಧಕ್ಕೆ ನಿಂತಿತು.

"ಕಾಗವಾಡದಾಗ ಗಾಲಿ ಪಂಚರ್ ಆಗಿತ್ತಾ? ಊರ ಸಮೀಪ ಬಂದೀರಾ? ಯಾರು... ನಿಪ್ಪಾಣಿಯವರಾ?" ಫೋನು ಕೆಳಗಿಟ್ಟು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಹಂಗಾರ ನೀವು ಯಾರ್ರಿ?"

ಜಿನ್ನಪ್ಪನವರಿಗೆ ಮೊದಲ ಸಲ ಶೀತಲನ ಹಣೆಯ ಕುಂಕುಮ ಕಾಣಿಸಿತು, ಪೊಟ್ಟಣ ಕಾಣಿಸಿತು, ಇಡೀ ಬೆಳಗು ಕಾಣಿಸಿತು. ಕಂಬ ಹಿಡಿದುಕೊಂಡರು.

"ನಾವು... ಏಕಸಂಬಿಯವರ್ರಿ. ಹೆಣ್ಣ ನೋಡಾಕ ಬಂದಿಲ್ಲ. ಪುಸ್ತಕದಾಗಿನ ವಾಡೆ ನೋಡಾಕ ಬಂದೀವಿ."

"ಪುಸ್ತಕಾ? ಊರ ಮುಂದ ನನ್ನ ಮಗಳ ಕೈಯಾಗ ಸಕ್ಕರಿ ಇಟ್ಟ, ಪುಸ್ತಕಾ ಅಂತೀರಲ್ಲ? ಈಗ ಬಾಗಿಲಿಗೆ ಬರವ್ರಿಗೆ ನಾ ಏನ ಹೇಳಲಿ? ನಾಳೆ ಈಕೀನ ಯಾರ ಕೇಳ್ಯಾರು?" ಆಬಾಸಾಹೇಬರಿಗೆ ಸಿಟ್ಟಿಗಿಂತ ಅಳುವೇ ಹತ್ತಿರವಿತ್ತು.

"ನಿಂದರ್ರಿ ಸಾಹೇಬ್ರ," ಎಂದು ಮುರಗೆಪ್ಪನವರು ಎದ್ದರು. "ಮೊದಲ ಈ ಮನಶ್ಯಾ ಖರೇ ಹೇಳಲಿ. ಜಿನ್ನಪ್ಪಾ, ಪುಸ್ತಕದ್ದು ಇದ ವಾಡೆ ಅನ್ನಾಕ ಆಧಾರ ಏನೈತಿ? ಕಡೀಗೆ ಏನಾಗತೈತಿ ಹೇಳು. ಮಂದಿ ಮನ್ಯಾಗ ಇಷ್ಟ ಗೊಂದಲಾ ಎಬ್ಬಿಸಿದ್ದಕ್ಕ ಅರ್ಥನರ ಇರಲಿ."

ಎಷ್ಟೋ ವರ್ಷಗಳಿಂದ ಹೆದರಿದ್ದ ಪ್ರಶ್ನೆ ಬಂದೇ ಬಂತು. ಜಿನ್ನಪ್ಪನವರು ಬಾಯಿ ತೆರೆದರು. ಕಣ್ಣ ಮುಂದೆ ದಾರಿಹೋಕ ತಂಬಿಗೆ ಎತ್ತಿ ನಿಂತಿದ್ದ. ಅವನಿಂದಾಚೆ ಕತ್ತಲೆ.

"ಹಗೇವಿನ್ಯಾಗ ಅಡಗಿ, ಕುದರಿ ಮ್ಯಾಲ ಹಾರೂ ಗೌಡಸಾನಿ ಪುಸ್ತಕಾ ಅಲ್ರಿ ಕಾಕಾ?" ಎಂದಳು ರೂಪಾಲಿ. "ನಮ್ಮಲ್ಲೂ ಐತಿ, ಅಜ್ಜಾರದು." ಅವಳು ಜಿನ್ನಪ್ಪನವರ ಬೆವತ ಹಣೆಯನ್ನು ನೋಡಿದಳು, ಕಂಬ ಹಿಡಿದ ಕೈಯನ್ನು ನೋಡಿದಳು. ಆಮೇಲೆ ಮುರಗೆಪ್ಪನವರ ಕಡೆ ತಿರುಗಿದಳು. "ಕಾಕಾ ಹೇಳಿದ್ದು ಬರೋಬ್ಬರಿ ಐತ್ರಿ. ಕಡೀ ಪುಟದಾಗ ವಾಡೆದ್ದ ಮಾತ ಐತಿ. ಅದನ್ನ ಈಗ ಹೇಳಿದ್ರ ಓದವ್ರಿಗೆ ಏನ ಉಳೀತು? ಕಾಕಾ ಅದಕ್ಕ ಸುಮ್ನ ನಿಂತಾರ."

ಮುರಗೆಪ್ಪನವರು ಮೆಲ್ಲಗೆ ಕೂತರು. ಜಿನ್ನಪ್ಪನವರು ಕಂಬ ಬಿಟ್ಟರು. ಜನ್ನತಬಿ ಅಕ್ಕೋರು ಮಾತ್ರ ಹುಡುಗಿಯ ಮುಖವನ್ನೇ ನೋಡಿ, ಉಳಿದಿದ್ದ ಶೇಂಗಾ ಉಂಡೆಯನ್ನು ಅವಳ ಕೈಯಲ್ಲಿಟ್ಟರು.

ನಿಪ್ಪಾಣಿಯ ಗಾಡಿ ಬಂದೇಬಿಟ್ಟಿತು. ಕರೀ ಕನ್ನಡಕದ ವರ ಇಳಿದು, ಫೋನಿನಿಂದ ಕಣ್ಣು ಎತ್ತದೆ ಲಕ್ಕವ್ವನ ಮುಂದೆ ಕಾಲು ಚಾಚಿದ. ಅವಳ ಕೈ ನಡುಗಿ ನೀರು ಪ್ಯಾಂಟಿಗೆ ಸಿಡಿಯಿತು. ಅವನು, "ಅರೇ, ನೀಟ ಹಾಕಬೇ," ಎಂದ. ಮತ್ತೆ ಅಡಿಗೆಮನೆಯ ಕಿಟಕಿಗೆ ಹೋಗಿದ್ದ ಕಣ್ಣುಗಳು ಅದನ್ನೂ ಕಂಡವು.

ವರನ ಕಾಕಾ ವಿಶ್ವಾಸರಾಯರು ತುಂಬಿದ ಪಡಸಾಲೆ ನೋಡಿ, "ಇವರೆಲ್ಲಾ ಯಾರ್ರಿ?" ಎಂದರು.

ಆಬಾಸಾಹೇಬರ ಬಾಯಿಗೆ ಬಂದದ್ದು ಒಂದೇ. "ಸಾಹಿತಿಗಳ್ರಿ. ನಮ್ಮ ವಾಡೆ ಪುಸ್ತಕದಾಗ ಬಂದೈತಿ. ನೋಡಾಕ ಬಂದಾರ."

"ಆ ಪುಸ್ತಕಾನಾ? ಎರಡ ಸಲಾ ಓದೀನಲ್ರಿ!" ಎಂದರು ವಿಶ್ವಾಸರಾಯರು, ಯಾವ ಪುಸ್ತಕವೆಂದು ಕೇಳದೆಯೇ.

"ಕಡೀಗೆ ಏನಾಗತೈತ್ರಿ?" ಎಂದರು ಮುರಗೆಪ್ಪನವರು ಆಸೆಯಿಂದ.

ವಿಶ್ವಾಸರಾಯರು ತೊಲೆ ನೋಡಿದರು, ಕಂಬ ನೋಡಿದರು. "ಅದನ್ನ... ಹೇಳಬಾರದ್ರಿ."

ಜಿನ್ನಪ್ಪನವರು ಅವರ ಕೈ ಹಿಡಿದು ಗಟ್ಟಿಯಾಗಿ ಕುಲುಕಿದರು. ತನ್ನಂಥವನೊಬ್ಬ ನಿಪ್ಪಾಣಿಯಲ್ಲೂ ಇದ್ದಾನೆಂಬುದು ಅವರಿಗೆ ದೊಡ್ಡ ಸಮಾಧಾನವಾಗಿತ್ತು.

ನಿಪ್ಪಾಣಿಯವರು ಸುಸಲಾ ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೊರಟರು. ಗಾಡಿಯ ಧೂಳು ಅಡಗಿದ ಮೇಲೆ ಆಬಾಸಾಹೇಬರು ಮಗಳನ್ನು ಕರೆದರು. "ರೂಪಾ, ಆ ಸಕ್ಕರಿ ಪೊಟ್ಣಾ ತಾ. ಅವರದ ಅವರಿಗೆ ಕೊಟ್ಟ ಕಳಸೂಣು. ಇಲ್ಲೀಗೆ ಮುಗೀಲಿ."

ಒಳಗೆ ಡಬ್ಬಿಯ ಮುಚ್ಚಳದ ಸದ್ದಾಯಿತು, ಆಮೇಲೆ ಉತ್ತರ ಬಂತು.

"ಡಬ್ಬ್ಯಾಗ ಸುರುವೀನಿ ಅಪ್ಪಾ. ನಮ್ಮ ಸಕ್ಕರಿ ಜೋಡಿ ಕೂಡೇತಿ. ಈಗ ಹೆಂಗ ಬ್ಯಾರೆ ಮಾಡೂದು?"

ಲಕ್ಕವ್ವ ಮಗನ ಮುಖ ನೋಡಿದಳು. ಆಬಾಸಾಹೇಬರು ಶೀತಲನ ಮುಖ ನೋಡಿದರು. ಶೀತಲ ಹೊರಗೆ ಖಾಲಿ ಕಪ್ಪುಗಳನ್ನು ಒಟ್ಟು ಮಾಡುತ್ತಿದ್ದ; ಹಣೆಯ ಕುಂಕುಮ ಒರೆಸಿಕೊಳ್ಳುವುದನ್ನು ಮರೆತಿದ್ದ.

ಉಳಿದದ್ದನ್ನು ಎರಡೂ ಮನೆಯ ಹೆಂಗಸರು ಮುಗಿಸಿದರು.

ಮದುವೆಯಾಗಿ ಏಕಸಂಬಿಗೆ ಬಂದ ಹೊಸದರಲ್ಲಿ ಒಂದು ಸಂಜೆ ರೂಪಾಲಿ ವಾಚನಾಲಯಕ್ಕೆ ಬಂದಳು. ಕಟ್ಟೆಯ ಮೇಲೆ ಜಿನ್ನಪ್ಪನವರು ಒಬ್ಬರೇ ಇದ್ದರು. ಅವಳು ಅಜ್ಜನ ಪ್ರತಿಯ ಕಡೆಯ ಪುಟ ತೆರೆದು, ಬೇರೆ ಯಾರಿಗೂ ಕೇಳದಂತೆ ಓದಿದಳು. ಗೌಡಸಾನಿಯ ಕಾಲದ ನಂತರ ವಾಡೆ ಬಿದ್ದುಹೋಯಿತು. ಏಕಸಂಬಿಯ ಜನ ಅದರ ಕಲ್ಲುಗಳನ್ನು ಹೊತ್ತು ತಂದು, ದಣಿದವರು ಕೂಡಲೆಂದು ಊರ ನಡುವೆ ಒಂದು ಕಟ್ಟೆ ಕಟ್ಟಿದರು.

ಜಿನ್ನಪ್ಪನವರು ಕೆಂಡ ಮುಟ್ಟಿದವರಂತೆ ಎದ್ದು ನಿಂತರು. ಕೆಳಗಿನ ಕಲ್ಲು ನೋಡಿದರು. ಅನಂತಪುರದ ದಿಕ್ಕು ನೋಡಿದರು.

"ನಿನಗ ಅವತ್ತ ಗೊತ್ತಿತ್ತಲ್ಲವ್ವಾ! ಯಾಕ ಹೇಳಲಿಲ್ಲ?"

"ಹೇಳಿದ್ರ ನೀವ ಎಲ್ಲಾರನೂ ಕರಕೊಂಡ ತಿರುಗಿ ಹೋಗತಿದ್ರಿ, ಮಾಮಾ," ಎಂದು ರೂಪಾಲಿ ಸೆರಗಿನಲ್ಲಿ ನಕ್ಕಳು.

ಮುರಗೆಪ್ಪನವರು ಬೀದಿಯ ತಿರುವಿನಲ್ಲಿ ಕಾಣಿಸಿದರು. "ಯಾಕೋ ಜಿನ್ನಪ್ಪಾ, ನಿಂತೀ? ಕುಂದರು!"

ಇತಿಹಾಸದ ಮೇಲೆ ಕೂಡಬೇಕೋ, ಅದರ ಮುಂದೆ ನಿಲ್ಲಬೇಕೋ ಜಿನ್ನಪ್ಪನವರಿಗೆ ತಿಳಿಯಲಿಲ್ಲ. ಅವಸರದಿಂದ ರೂಪಾಲಿಯ ಕಡೆ ಬಗ್ಗಿ, ಬಹಳ ವರ್ಷಗಳ ಸಂಕಟವನ್ನು ಪಿಸುದನಿಯಲ್ಲಿ ಕೇಳಿದರು.

"ಯವ್ವಾ, ಆ ದಾರಿಹೋಕ... ನೀರ ಕುಡದ್ನಾ?"

"ಕುಡದಾನ್ರಿ ಮಾಮಾ. ಕುಡದ, ತಂಬಿಗಿ ತಾನ ತೊಳದ ಬೋರಲ ಇಟ್ಟ."

"ಹಾಂ," ಎಂದು ಜಿನ್ನಪ್ಪನವರು ಉಸಿರು ಬಿಟ್ಟು, ಮತ್ತೆ ಕಟ್ಟೆಯ ಮೇಲೆ ಕೂತರು.